ಸೀಸದ ಕೆಲಸಗಾರರ ದಾಖಲೆ: ರಿಜಿಸ್ಟರೋ, ಫೈಲೋ, ಎಕ್ಸೆಲ್ಲೋ, ಸಾಫ್ಟ್‌ವೇರೋ?

ಕೆಲಸಗಾರನೊಬ್ಬ ಆಫೀಸಿನ ಬಾಗಿಲಿಗೆ ಬಂದು, "ಸಾಹೇಬ್ರ, ಆರು ವರ್ಷದ ಹಿಂದ ನಂದು ರಕ್ತ ತಗೊಂಡಿದ್ರಲ್ಲ, ಆಗ ಸೀಸ ಎಷ್ಟಿತ್ತರಿ? ಆವಾಗ ನಾ ಭಟ್ಟಿ ಮ್ಯಾಲ ಇದ್ದೆನೋ, ಪ್ಯಾಕಿಂಗ್‌ನಾಗ ಇದ್ದೆನೋ?" ಎಂದು ಕೇಳುತ್ತಾನೆ ಅಂದುಕೊಳ್ಳಿ. ಹತ್ತು ನಿಮಿಷದಲ್ಲಿ ಎರಡಕ್ಕೂ ಉತ್ತರ ಸಿಕ್ಕರೆ ನಿಮ್ಮ ದಾಖಲೆ ವ್ಯವಸ್ಥೆ ಚೆನ್ನಾಗಿದೆ. ಸಿಗದಿದ್ದರೆ, ಅದಕ್ಕೆ ಎಷ್ಟೇ ದುಡ್ಡು ಸುರಿದಿದ್ದರೂ ಚೆನ್ನಾಗಿಲ್ಲ. ಕೆಳಗೆ ಒಂದೊಂದು ವಿಧಾನವನ್ನೂ ಇದೇ ಪ್ರಶ್ನೆ ಇಟ್ಟು ತೂಗಿದ್ದೇವೆ.

ಕಲಬುರಗಿಯ ಕಪನೂರ, ನಂದೂರ-ಕೆಸರಟಗಿ, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು-ಬಾಡಿಯಾಳದಂಥ ಕೈಗಾರಿಕಾ ಪ್ರದೇಶದಲ್ಲಿ ಐವತ್ತು ಜನರ ಘಟಕ ನಡೆಸುವವರಿಗೆ ಹೊಂದುವುದು, ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮೂವರನ್ನು ಇಟ್ಟುಕೊಂಡು ಹಳೇ ಬ್ಯಾಟರಿ ರಿಪೇರಿ ಮಾಡುವವರಿಗೆ ಹೊಂದುವುದಿಲ್ಲ. ಆದರೆ ಇಬ್ಬರೂ ಬರೆದಿಡಬೇಕಾದ ವಿಷಯ ಒಂದೇ. ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳೋಣ.

ಬರೆಯಬೇಕಾದ್ದು ಏನು

ಗಾಳಿಯಲ್ಲಿ ಎಷ್ಟು ಸೀಸ, ರಕ್ತದಲ್ಲಿ ಎಷ್ಟು ಸೀಸ, ಆ ದಿನಗಳಲ್ಲಿ ಆ ಮನುಷ್ಯ ಎಲ್ಲಿ ಏನು ಮಾಡುತ್ತಿದ್ದ. ಈ ಮೂರು ಎಳೆ. ಬಹಳಷ್ಟು ಕಡೆ ಮೊದಲೆರಡು ಇರುತ್ತವೆ, ಮೂರನೆಯದು ಇರುವುದಿಲ್ಲ. ಅದಿಲ್ಲದಿದ್ದರೆ ಗಾಳಿಯ ವರದಿ ಯಾರಿಗೆ ಸೇರಿದ್ದು ಎಂಬುದೇ ತಿಳಿಯುವುದಿಲ್ಲ.

ಗಾಳಿಯ ಮಾದರಿಯ ಒಂದು ಸಾಲನ್ನು ಹತ್ತಿರದಿಂದ ನೋಡಿ. ಕಾಲರಿಗೆ ಸಿಕ್ಕಿಸಿದ 37 ಮಿಲಿಮೀಟರ್ ಫಿಲ್ಟರ್ ಕ್ಯಾಸೆಟ್, ಸೊಂಟಕ್ಕೆ ಪಂಪ್. ಪಂಪಿನ ವೇಗ ನಿಮಿಷಕ್ಕೆ 2 ಲೀಟರ್, ಓಡಿದ್ದು 480 ನಿಮಿಷ. ಅಂದರೆ 960 ಲೀಟರ್, 0.96 ಘನ ಮೀಟರ್ ಗಾಳಿ. ಲ್ಯಾಬಿನವರು ಫಿಲ್ಟರಿನಲ್ಲಿ 96 ಮೈಕ್ರೋಗ್ರಾಂ ಸೀಸ ಸಿಕ್ಕಿತು ಎಂದರೆ, ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದರೆ 0.10 ಮಿಲಿಗ್ರಾಂ. ಕಾರ್ಖಾನೆ ಕಾಯಿದೆ 1948ರ ಎರಡನೇ ಅನುಸೂಚಿಯಲ್ಲಿ ಸೀಸದ ಧೂಳು ಮತ್ತು ಹೊಗೆಗೆ 8 ತಾಸಿನ ಸರಾಸರಿ ಮಿತಿ 0.15 ಮಿಲಿಗ್ರಾಂ ಇತ್ತು. ಆ ಲೆಕ್ಕದಲ್ಲಿ ಇದು ಒಳಗಿದೆ. ಅಮೆರಿಕದ ಓಶಾ (ಕೆಲಸದ ಜಾಗದ ಸುರಕ್ಷತೆ ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆ) ಇಟ್ಟ ಮಿತಿ 0.05 ಮಿಲಿಗ್ರಾಂ, ಅಲ್ಲಿ ಇದು ಎರಡು ಪಟ್ಟು ಹೆಚ್ಚು. ಹೀಗಾಗಿ ದಾಖಲೆಯಲ್ಲಿ 'ಪಾಸ್' ಎಂದು ಬರೆಯಬೇಡಿ. ಫಿಲ್ಟರಿನಲ್ಲಿ ಸಿಕ್ಕ ಸೀಸದ ತೂಕ, ನಿಮಿಷ, ಪಂಪಿನ ವೇಗ, ಈ ಮೂರನ್ನೂ ಬರೆಯಿರಿ. ನಾಳೆ ಮಿತಿ ಬದಲಾದರೂ ಲೆಕ್ಕ ಮತ್ತೆ ಮಾಡಬಹುದು, 'ಪಾಸ್' ಎಂಬುದನ್ನು ಮತ್ತೆ ಲೆಕ್ಕ ಮಾಡಲು ಬರುವುದಿಲ್ಲ. ಪಂಪಿನ ವೇಗವನ್ನು ಶಿಫ್ಟಿನ ಮೊದಲು ಮತ್ತು ಕೊನೆಗೆ ಎರಡೂ ಸಲ ಅಳೆದು ಎರಡೂ ಅಂಕಿ ಬರೆಯಿರಿ. ನಡುವಿನ ವ್ಯತ್ಯಾಸ ಶೇ. 5 ದಾಟಿದರೆ ಆ ಮಾದರಿಯನ್ನು ನಂಬುವುದು ಕಷ್ಟ. ಪಾಳಿ 12 ತಾಸಿನದಾದರೆ 8 ತಾಸಿನ ಮಿತಿ ನೇರ ಹೊಂದುವುದಿಲ್ಲ: ಓಶಾ ಸೂತ್ರದಂತೆ 400ನ್ನು ತಾಸಿನಿಂದ ಭಾಗಿಸಿದರೆ 33 ಮೈಕ್ರೋಗ್ರಾಂ ಬರುತ್ತದೆ.

ಅದೇ ಸಾಲಿನಲ್ಲಿ ಇನ್ನೆರಡು ವಿಷಯ ಇರಲೇಬೇಕು. ಆ ದಿನ ಅವನು ಮುಖಕ್ಕೆ ಏನು ಹಾಕಿಕೊಂಡಿದ್ದ (ದಸ್ತಿ ಕಟ್ಟಿಕೊಂಡಿದ್ದರೆ 'ದಸ್ತಿ' ಎಂದೇ ಬರೆಯಿರಿ, ಅದು ಸೀಸದ ಹೊಗೆ ತಡೆಯುವುದಿಲ್ಲ), ಮತ್ತು ಅವನ ಮಾದರಿ ಇನ್ಯಾರ ಪರವಾಗಿ ತೆಗೆದದ್ದು. ಗ್ರಿಡ್ (ಬ್ಯಾಟರಿ ಪ್ಲೇಟಿನ ಸೀಸದ ಜಾಲರಿ) ಎರಕದ ಒಬ್ಬನಿಗೆ ಪಂಪ್ ಕಟ್ಟಿ ಆ ಪಾಳಿಯ ನಾಲ್ವರಿಗೂ ಅದೇ ಅಂಕಿ ಅನ್ವಯಿಸುವುದಾದರೆ ನಾಲ್ವರ ನಂಬರೂ ಅಲ್ಲಿರಬೇಕು. ಆರು ವರ್ಷದ ನಂತರದ ಪ್ರಶ್ನೆಗೆ ಉತ್ತರ ಸಿಗುವುದು ಈ ಕಾಲಮ್ಮಿನಿಂದಲೇ.

ರಕ್ತದ ಸಾಲಿನಲ್ಲಿ ತಪ್ಪು ಬೇರೆ ಥರ. ಒಂದು ಲ್ಯಾಬ್ ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತದೆ, ಇನ್ನೊಂದು ಲೀಟರಿಗೆ ಮೈಕ್ರೋಗ್ರಾಂ. 85 ಎಂದು ಬಂದದ್ದು ಲೀಟರಿನದಾದರೆ ಅದು 8.5. ಅಳತೆಯ ಘಟಕ ನೋಡದೆ 85 ಎಂದು ಬರೆದರೆ ಆರೋಗ್ಯವಂತನನ್ನು ಆಸ್ಪತ್ರೆಗೆ ಓಡಿಸುತ್ತೀರಿ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು, 62 ಬಂದವನನ್ನು 6.2 ಎಂದು ಬರೆದು ಭಟ್ಟಿಯ ಮುಂದೆಯೇ ನಿಲ್ಲಿಸುತ್ತೀರಿ. ಲೀಟರಿಗೆ ಮೈಕ್ರೋಮೋಲ್ ಲೆಕ್ಕದಲ್ಲಿ ಬಂದರೆ 20.7ರಿಂದ ಗುಣಿಸಿ. ಲ್ಯಾಬ್ ಕೊಟ್ಟ ಅಂಕಿ ಒಂದು ಕಾಲಮ್ಮಿನಲ್ಲಿ, ಅದರ ಘಟಕ ಇನ್ನೊಂದರಲ್ಲಿ, ಡೆಸಿಲೀಟರಿಗೆ ತಿರುಗಿಸಿದ ಅಂಕಿ ಮೂರನೆಯದರಲ್ಲಿ ಇರಲಿ.

'3.3ಕ್ಕಿಂತ ಕಡಿಮೆ' ಎಂದು ಬಂದದ್ದನ್ನು ಸೊನ್ನೆ ಎಂದು ಬರೆಯಬೇಡಿ. ಮಾದರಿ ಹೆಪ್ಪುಗಟ್ಟಿ ಲ್ಯಾಬ್ ತಿರಸ್ಕರಿಸಿದರೆ ಸಾಲು ಖಾಲಿ ಬಿಡದೆ 'ತಿರಸ್ಕೃತ, ಮತ್ತೆ ತೆಗೆಯಬೇಕು' ಎಂದು ಬರೆಯಿರಿ; ಖಾಲಿ ಸಾಲು ಎಂದರೆ ಪರೀಕ್ಷೆಯೇ ಮಾಡಿಸಿಲ್ಲ ಎಂದು ಓದುವವರು ತಿಳಿಯುತ್ತಾರೆ. ರಕ್ತವನ್ನು ಬೆರಳು ಚುಚ್ಚಿ ತೆಗೆದದ್ದೋ ರಕ್ತನಾಳದಿಂದಲೋ ಎಂಬುದೂ ಬೇಕು. ಬೆರಳಿನ ಚರ್ಮಕ್ಕೆ ಅಂಟಿದ ಸೀಸದ ಪುಡಿ ಆ ಹನಿಯಲ್ಲಿ ಬೆರೆತರೆ ಅಂಕಿ ಸುಳ್ಳೇ ಏರುತ್ತದೆ. ಮೈಯಿಂದ ಸೀಸ ಇಳಿಸುವ ಔಷಧ, ಅಂದರೆ ಕೀಲೇಷನ್, ಕೊಟ್ಟಿದ್ದರೆ ಅದರ ದಿನಾಂಕ ತಪ್ಪದೆ ಬರೆಯಿರಿ. ಇಲ್ಲದಿದ್ದರೆ ಔಷಧದಿಂದ ಇಳಿದ ಅಂಕಿ ಕೆಲಸದ ಜಾಗ ಸುಧಾರಿಸಿದ್ದರಿಂದ ಇಳಿದಂತೆ ಕಾಣುತ್ತದೆ. ಅಂದಹಾಗೆ, ಅಂಕಿ ಏರದಿರಲೆಂದು ಮುಂಚಿತವಾಗಿ ಆ ಔಷಧ ಕೊಡುವುದನ್ನು ಓಶಾ ನಿಷೇಧಿಸಿದೆ.

ಎಷ್ಟು ವರ್ಷ ಇಡಬೇಕು ಎಂಬುದೇ ಮೊದಲ ಆಯ್ಕೆ

ಪುಸ್ತಕವೋ ಕಂಪ್ಯೂಟರೋ ಎಂಬ ಚರ್ಚೆಗೆ ಮುಂಚೆ ಇದು ತೀರ್ಮಾನವಾಗಬೇಕು. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮೂಳೆಗೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಕೂತಿರುತ್ತದೆ. ಇಂದು ರಕ್ತ ತೆಗೆದು ಹತ್ತು ವರ್ಷದ ಹಿಂದಿನ ಒಡ್ಡಿಕೆಯನ್ನು ಲೆಕ್ಕ ಹಾಕಲು ಬರುವುದಿಲ್ಲ. ಆ ಕಾಲಕ್ಕೆ ಕಾಗದವೊಂದೇ ಸಾಕ್ಷಿ.

ಓಶಾ ಸಾಮಾನ್ಯ ಕೈಗಾರಿಕೆಗೆ ಗಾಳಿಯ ದಾಖಲೆಯನ್ನೂ ವೈದ್ಯಕೀಯ ದಾಖಲೆಯನ್ನೂ 40 ವರ್ಷ, ಅಥವಾ ನೌಕರಿಯ ಅವಧಿ ಮತ್ತು ಅದರ ಮೇಲೆ 20 ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಇಡಿಸುತ್ತದೆ. ಬ್ರಿಟನ್ನಿನ 2002ರ ನಿಯಮದಲ್ಲಿ ಆರೋಗ್ಯದ ದಾಖಲೆಗೆ ಕೊನೆಯ ನಮೂದಿನಿಂದ 40 ವರ್ಷ, ಗಾಳಿಯದಕ್ಕೆ 5 ವರ್ಷ. ನಮ್ಮ ಕಾರ್ಖಾನೆ ಕಾಯಿದೆಯ ಕಲಂ 41-ಸಿ ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ ಆರೋಗ್ಯ ದಾಖಲೆ ನಿಖರವಾಗಿಯೂ ಇತ್ತೀಚಿನವರೆಗೆ ತುಂಬಿಯೂ ಇರಬೇಕು, ಕೆಲಸಗಾರನಿಗೆ ನೋಡಲು ಸಿಗಬೇಕು ಎನ್ನುತ್ತಿತ್ತು. ಕೆಲಸಕ್ಕೆ ಹಚ್ಚುವ ಮುಂಚೆ, ಕೆಲಸದಲ್ಲಿರುವಾಗ, ಆ ಕೆಲಸ ಬಿಟ್ಟ ಮೇಲೂ 12 ತಿಂಗಳು ಮೀರದಂತೆ ವೈದ್ಯಕೀಯ ತಪಾಸಣೆ ಎಂಬುದೂ ಅಲ್ಲೇ ಇತ್ತು. 'ಬಿಟ್ಟ ಮೇಲೂ' ಎಂಬ ಮಾತನ್ನು ಯಾರೂ ಓದಿದಂತೆ ಕಾಣುವುದಿಲ್ಲ. 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಕಾಯಿದೆಯ ಜಾಗ ಹಿಡಿದಿದೆ. ಸೀಸದ ವಿಷವು ಅಲ್ಲಿಯೂ ಮೂರನೇ ಅನುಸೂಚಿಯ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ನಮೂನೆಯ ನಂಬರನ್ನು ಹಳೆಯ ರಿಜಿಸ್ಟರಿನ ರಟ್ಟಿನಿಂದ ನಕಲು ಮಾಡುವ ಮುಂಚೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಲ್ಲಿ ಒಮ್ಮೆ ಕೇಳಿ.

ನಮ್ಮ ಸಲಹೆ: ರಕ್ತ, ಗಾಳಿ ಎರಡಕ್ಕೂ 40 ವರ್ಷ. ಗಾಳಿಯದನ್ನು 5 ವರ್ಷಕ್ಕೆ ಎಸೆದರೆ ರಕ್ತದ ಅಂಕಿ ಒಂಟಿಯಾಗುತ್ತದೆ.

ಜಾಗ ಸಾಲುವುದಿಲ್ಲ ಎನ್ನುವವರಿಗೆ ಸಣ್ಣ ಲೆಕ್ಕ. 12 ಜನ, ವರ್ಷಕ್ಕೆ ಎರಡು ರಕ್ತಪರೀಕ್ಷೆ, 24 ಸಾಲು. 40 ವರ್ಷಕ್ಕೆ 960. ಪುಟಕ್ಕೆ 20 ಸಾಲಿನ, 200 ಪುಟದ ಉದ್ದ ಪುಸ್ತಕದಲ್ಲಿ 4000 ಸಾಲು. ಒಂದು ಪುಸ್ತಕ ಮುಗಿಯುವುದೇ ಇಲ್ಲ. ಕಷ್ಟ ಜಾಗದ್ದಲ್ಲ, ಹುಡುಕುವುದರದ್ದು.

ಹೊಲಿದ ರಿಜಿಸ್ಟರ್

ಪುಟಕ್ಕೆ ನಂಬರ್ ಹಾಕಿದ, ಹೊಲಿಗೆ ಹಾಕಿದ ಪುಸ್ತಕದ ದೊಡ್ಡ ಗುಣ, ಅದರಲ್ಲಿ ಹಿಂದಿನ ದಿನಾಂಕ ತುರುಕುವುದು ಕಷ್ಟ. ಕರೆಂಟ್ ಹೋದರೂ ತೆರೆಯುತ್ತದೆ, ಪಾಸ್‌ವರ್ಡ್ ಗೊತ್ತಿದ್ದವನು ನೌಕರಿ ಬಿಟ್ಟು ಪುಣೆಗೆ ಹೋದರೂ ತೆರೆಯುತ್ತದೆ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು, ಸಹಿ, ದಿನಾಂಕ. ವೈಟ್ನರ್ ಹಚ್ಚಿದ ಸಾಲು ಯಾವ ವಿಚಾರಣೆಯಲ್ಲೂ ನಿಲ್ಲುವುದಿಲ್ಲ. ಜೆಲ್ ಪೆನ್ನು ಬೇಡ, ನೀರು ತಾಗಿದರೆ ಹರಿಯುತ್ತದೆ. ಗೆದ್ದಲು ಮತ್ತು ಇಲಿ ಇಲ್ಲಿ ನಿಜವಾದ ಶತ್ರುಗಳು. ಗೋಡೆಗೆ ತಾಗದಂತೆ, ನೆಲದಿಂದ ಮೇಲೆ, ತಗಡಿನ ಅಲ್ಮಾರಿಯಲ್ಲಿ ಇಡಿ.

ಹೆಚ್ಚಿನವರು ಮರೆಯುವುದು ಇನ್ನೊಂದು. ರಿಜಿಸ್ಟರನ್ನು ಪ್ಲೇಟ್ ಕತ್ತರಿಸುವ ಮೇಜಿನ ಮೇಲೆ ಇಟ್ಟರೆ ಅದರ ಹಾಳೆಗಳಲ್ಲೇ ಸೀಸದ ಪುಡಿ ಕೂರುತ್ತದೆ. ಎಂಜಲು ಹಚ್ಚಿ ಪುಟ ತಿರುವುವ ಗುಮಾಸ್ತನ ಹೊಟ್ಟೆಗೆ ಅದು ಹೋಗುತ್ತದೆ. ಪುಸ್ತಕ, ಅದರ ಪೆನ್ನು, ಎರಡೂ ಸೀಸದ ಜಾಗದ ಹೊರಗೇ ಇರಲಿ. ಒಳಗಿನ ಟಿಪ್ಪಣಿಗೆ ಬಿಡಿ ಹಾಳೆ ಬಳಸಿ, ಕೈ ತೊಳೆದು ಬಂದು ನಕಲು ಮಾಡಿ.

ಇದರ ದೋಷ: ತಾರೀಖಿನ ಸಾಲಿನಲ್ಲಿ ಬರೆಯುತ್ತ ಹೋದದ್ದರಿಂದ ಒಬ್ಬನ ಇತಿಹಾಸ ಮೂವತ್ತು ಪುಟಗಳಲ್ಲಿ ಚೆಲ್ಲಿಹೋಗುತ್ತದೆ. ಒಬ್ಬೊಬ್ಬರಿಗೆ ಎರಡು ಪುಟ ಮೀಸಲಿಟ್ಟು, ಮೊದಲ ಪುಟದಲ್ಲಿ ಸೂಚಿ ಬರೆದರೆ ಅರ್ಧ ಸಮಸ್ಯೆ ಮುಗಿಯಿತು. 15 ಜನರವರೆಗೆ ಇದು ಚೆನ್ನಾಗಿ ನಡೆಯುತ್ತದೆ.

ತಲೆಗೊಂದು ಫೈಲು

ಲ್ಯಾಬಿನ ಮೂಲ ವರದಿ, ವೈದ್ಯರ ಅಭಿಪ್ರಾಯ, ಕೆಲಸಗಾರ ಹೇಳಿಕೊಂಡ ಹೊಟ್ಟೆನೋವು-ಮಲಬದ್ಧತೆ-ಕೈ ಜೋಮಿನಂಥ ದೂರುಗಳು, ಇವಕ್ಕೆ ಫೈಲೇ ಬೇಕು. ಅಂಕಿಯನ್ನು ಪುಸ್ತಕಕ್ಕೆ ಇಳಿಸಬಹುದು, ವರದಿಯನ್ನು ಇಳಿಸಲು ಬರುವುದಿಲ್ಲ. ಬಿಲ್ಲಿನಂಥ ಥರ್ಮಲ್ ಕಾಗದದಲ್ಲಿ ಬಂದ ವರದಿಯನ್ನು ಅಂದೇ ಜೆರಾಕ್ಸ್ ಮಾಡಿಸಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಅದು ಒಂದೆರಡು ಬೇಸಿಗೆಯಲ್ಲೇ ಬಿಳಿ ಹಾಳೆಯಾಗಿಬಿಡುತ್ತದೆ.

ಫೈಲು ಕೆಡುವುದು ಹೆಸರಿನಿಂದ. ಒಂದೇ ಘಟಕದಲ್ಲಿ ಮೂವರು ಶರಣಪ್ಪ, ಇಬ್ಬರು ಖಾಜಾ ಇರುವುದು ಈ ಕಡೆ ವಿಶೇಷವೇನಲ್ಲ. ಲ್ಯಾಬಿನಲ್ಲಿ ಒಂದು ಸ್ಪೆಲ್ಲಿಂಗ್, ಹಾಜರಿ ಪುಸ್ತಕದಲ್ಲಿ ಇನ್ನೊಂದು, ಗುತ್ತಿಗೆದಾರನ ಪಟ್ಟಿಯಲ್ಲಿ ಮತ್ತೊಂದು. ಸೇರಿದ ದಿನವೇ ಒಂದು ಖಾಯಂ ನಂಬರ್ ಕೊಡಿ, ಬಿಟ್ಟು ಹೋದವನ ನಂಬರನ್ನು ಇನ್ನೊಬ್ಬನಿಗೆ ಎಂದೂ ಕೊಡಬೇಡಿ. ರಕ್ತದ ಟ್ಯೂಬಿನ ಮೇಲೂ ಆ ನಂಬರೇ ಇರಲಿ. ಗುತ್ತಿಗೆ ಕಾರ್ಮಿಕರಿಗೂ ಇದೇ ಸಾಲಿನ ನಂಬರ್. ಭಟ್ಟಿಯ ಡ್ರಾಸ್ (ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟ) ಕೆರೆಯುವ ಅತಿ ಕೆಟ್ಟ ಕೆಲಸ ಬಹುಪಾಲು ಅವರದೇ ಆಗಿರುತ್ತದೆ, ದಾಖಲೆಯಲ್ಲಿ ಮಾತ್ರ ಅವರು ಇರುವುದಿಲ್ಲ.

ಸೇರಿದ ದಿನಾಂಕಕ್ಕೆ ಇನ್ನೂ ಒಂದು ತೂಕವಿದೆ. 1923ರ ಪರಿಹಾರ ಕಾಯಿದೆಯಲ್ಲಿ ಸೀಸದ ಕಾಯಿಲೆ ಮೂರನೇ ಅನುಸೂಚಿಯ ಎ ಭಾಗದಲ್ಲಿತ್ತು; ಇಷ್ಟೇ ತಿಂಗಳ ನೌಕರಿ ಆಗಿರಬೇಕೆಂಬ ಷರತ್ತು ಅದಕ್ಕೆ ಇರಲಿಲ್ಲ, ಕಾಯಿಲೆ ಆ ನೌಕರಿಯಲ್ಲಿದ್ದಾಗ ಬಂದದ್ದಾಗಿರಬೇಕಿತ್ತು. ಆ ಕಾಯಿದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆ. ಆದರೂ ಇಂಥ ವಿವಾದ ಬಂದಾಗ ಎರಡೂ ಕಡೆಯವರು ಮೊದಲು ಹುಡುಕುವುದು ಸೇರಿದ ತಾರೀಖನ್ನೇ.

ಎಕ್ಸೆಲ್

ಮುಂದಿನ ಪರೀಕ್ಷೆ ಯಾವಾಗ ಎಂದು ನೆನಪಿಸಲು ಇದರಷ್ಟು ಅಗ್ಗದ ಸಾಧನ ಇಲ್ಲ. ಓಶಾ ಕ್ರಮದಲ್ಲಿ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ರಕ್ತ. ಡೆಸಿಲೀಟರಿಗೆ 40 ಮೈಕ್ರೋಗ್ರಾಂ ಮುಟ್ಟಿದರೆ, ಸತತ ಎರಡು ಸಲ 40ಕ್ಕಿಂತ ಕೆಳಗೆ ಬರುವವರೆಗೆ 2 ತಿಂಗಳಿಗೊಮ್ಮೆ. ಕೆಲಸದಿಂದ ಸರಿಸಿದ್ದರೆ ತಿಂಗಳಿಗೊಮ್ಮೆ. ಒಂದೇ ಪರೀಕ್ಷೆಯಲ್ಲಿ 60 ಬಂದು ಮರುಪರೀಕ್ಷೆಯಲ್ಲೂ ಖಚಿತವಾದರೆ, ಅಥವಾ ಇತ್ತೀಚಿನ ಪರೀಕ್ಷೆಗಳ ಸರಾಸರಿ 50 ಮುಟ್ಟಿದರೆ ಸೀಸದ ಕೆಲಸದಿಂದ ಸರಿಸಬೇಕು. ತಾರೀಖಿಗೆ ತಿಂಗಳು ಕೂಡಿಸುವ ಇಡೇಟ್ (EDATE) ಸೂತ್ರ ಹಾಕಿ ಮುಂದಿನ ತಾರೀಖು ಬರುವಂತೆ ಮಾಡಿ, ದಾಟಿದ ತಾರೀಖು ಕೆಂಪಾಗುವಂತೆ ಬಣ್ಣ ಕೊಡಿ. ಈ ಅಂಕಿಗಳು 1970ರ ದಶಕದವು, ಇಂದಿನ ವೈದ್ಯರಿಗೆ ಅವು ತೀರಾ ಸಡಿಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 5 ಮೈಕ್ರೋಗ್ರಾಂ ಮುಟ್ಟಿದರೇ ಸೀಸ ಎಲ್ಲಿಂದ ಬಂತು ಎಂದು ಹುಡುಕಿರಿ ಎಂದಿದೆ. ಹಾಗಾಗಿ ಹಾಳೆಯಲ್ಲಿ 5, 20, 40, 60 ಎಂದು ನಾಲ್ಕು ಬಣ್ಣ ಇಟ್ಟರೆ ಒಳ್ಳೆಯದು. 20 ನಮ್ಮದೇ ಸೇರಿಕೆ. 40ಕ್ಕೆ ಮುಟ್ಟುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ಆದರೆ ಎಕ್ಸೆಲ್ಲನ್ನು ಮೂಲ ದಾಖಲೆ ಮಾಡಬೇಡಿ. ಯಾರೋ ಹೆಸರಿನ ಕಾಲಮ್ಮನ್ನು ಮಾತ್ರ ಆರಿಸಿ ಅಕಾರಾದಿಗೆ ಹಾಕುತ್ತಾರೆ, ಪಕ್ಕದ ಅಂಕಿಗಳು ಅಲ್ಲೇ ಉಳಿಯುತ್ತವೆ. ಒಂದೇ ಕ್ಲಿಕ್ಕಿಗೆ ಶರಣಪ್ಪನ ಸೀಸ ಖಾಜಾನ ಮೈಗೆ ಹೋಗುತ್ತದೆ. ಉಳಿಸಿ ಮುಚ್ಚಿದರೆ ಮುಗಿಯಿತು, ಯಾವ ಗುರುತೂ ಉಳಿಯುವುದಿಲ್ಲ. 05-06 ಎಂದು ಬರೆದದ್ದು ಜೂನ್ 5ರೋ ಮೇ 6ರೋ ಎಂಬ ಗೊಂದಲವೂ ಇಲ್ಲಿಯದೇ. ತಿಂಗಳನ್ನು ಅಕ್ಷರದಲ್ಲಿ ತೋರಿಸುವಂತೆ ಹಾಳೆಯನ್ನು ಹೊಂದಿಸಿ. ತಿಂಗಳಿಗೊಮ್ಮೆ ಹಾಳೆಯನ್ನು ಪ್ರಿಂಟ್ ತೆಗೆದು, ಸಹಿ ಮಾಡಿ, ಫೈಲಿಗೆ ಹಾಕಿ. ಪೆನ್‌ಡ್ರೈವ್ ಒಂದು ಆಫೀಸಿನಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ.

ಸಾಫ್ಟ್‌ವೇರ್, ಅಥವಾ ಆಸ್ಪತ್ರೆಯವರ ಕೈಗೆ

ಯಾರು ಯಾವಾಗ ಯಾವ ಅಂಕಿ ತಿದ್ದಿದರು ಎಂಬ ಜಾಡು ಉಳಿಸುವುದು ಸಾಫ್ಟ್‌ವೇರಿನ ನಿಜವಾದ ಲಾಭ. 50 ಜನ ಮೀರಿದರೆ, ದಿನವೂ ಅದರ ಮುಂದೆ ಕೂರುವ ಒಬ್ಬ ಸುರಕ್ಷತಾ ಅಧಿಕಾರಿ ಇದ್ದರೆ ತೆಗೆದುಕೊಳ್ಳಿ. ಕೊಳ್ಳುವ ಮುಂಚೆ ಮಾರುವವರಿಗೆ ಕೇಳಬೇಕಾದ್ದು ಇಷ್ಟು: ಚಂದಾ ನಿಲ್ಲಿಸಿದರೆ ಎಲ್ಲಾ ದಾಖಲೆ ಸಾದಾ ಹಾಳೆಯ ರೂಪದಲ್ಲಿ ಕೈಗೆ ಬರುತ್ತದೆಯೇ? 40 ವರ್ಷ ಯಾವ ಕಂಪನಿಯೂ ಭರವಸೆ ಕೊಡಲಾರದು, ಆದ್ದರಿಂದ ಹೊರಗೆ ತೆಗೆಯುವ ದಾರಿ ಮುಖ್ಯ. ಕನ್ನಡದ ಹೆಸರನ್ನು ಕನ್ನಡದಲ್ಲೇ ಹುಡುಕಲು ಬರುತ್ತದೆಯೇ ಎಂದೂ ಪರೀಕ್ಷಿಸಿ.

ದಾಖಲೆಯನ್ನು ಲ್ಯಾಬಿಗೋ ಆಸ್ಪತ್ರೆಗೋ ಒಪ್ಪಿಸಿ ನಿಶ್ಚಿಂತೆಯಾಗಿರುವುದು ಸೋಮಾರಿಗಳ ದಾರಿ. ಅವರ ಬಳಿ ರಕ್ತದ ಅಂಕಿ ಇರುತ್ತದೆ, ಅವನು ಯಾವ ಮೇಜಿನಲ್ಲಿದ್ದ ಎಂಬುದು ಇರುವುದಿಲ್ಲ. ಮೊದಲ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ವರದಿ ಹಾಕುವುದಂತೂ ಬೇಡವೇ ಬೇಡ. ಒಬ್ಬನ ರಕ್ತದ ಅಂಕಿ ಅವನಿಗೆ, ವೈದ್ಯರಿಗೆ, ಕಾನೂನು ಕೇಳಿದವರಿಗೆ ಮಾತ್ರ.

ಹಾಗಾದರೆ ಯಾರಿಗೆ ಯಾವುದು

ಐದು ಜನರೊಳಗಿನ ಬ್ಯಾಟರಿ ಅಂಗಡಿ, ರೇಡಿಯೇಟರ್ ಬೆಸುಗೆ, ಹಳೆಯ ಬಣ್ಣ ಕೆರೆಯುವ ಗುತ್ತಿಗೆ: ಒಂದು ಹೊಲಿದ ಪುಸ್ತಕ, ಒಬ್ಬೊಬ್ಬರಿಗೆ ಒಂದು ಕವರು. ಅಷ್ಟೇ ಸಾಕು. ಇನ್ನೇನಾದರೂ ಕೊಳ್ಳುವ ದುಡ್ಡಿದ್ದರೆ ನಲ್ಲಿ ಮತ್ತು ಸೋಪಿಗೆ ಹಾಕಿ. ಆರರಿಂದ ಐವತ್ತರವರೆಗೆ: ಪುಸ್ತಕ ಮೂಲ, ಫೈಲಿನಲ್ಲಿ ವರದಿ, ನೆನಪಿಗೆ ಎಕ್ಸೆಲ್. ಮೂರನ್ನೂ ಕಟ್ಟುವುದು ಆ ಖಾಯಂ ನಂಬರ್. ಐವತ್ತರ ಮೇಲೆ, ಅಥವಾ ಸೀಸ ಕರಗಿಸುವ ಭಟ್ಟಿಯಾದರೆ ಜನ ಕಡಿಮೆ ಇದ್ದರೂ, ಸಾಫ್ಟ್‌ವೇರ್ ಯೋಚಿಸಬಹುದು. ವರ್ಷಕ್ಕೊಮ್ಮೆ ಪೂರ್ತಿ ಪ್ರಿಂಟ್ ಮಾತ್ರ ಬಿಡಬೇಡಿ.

ಬಿದರಿ ಕೆಲಸದವರ ಮಾತು ಬೇರೆ. ಅವರ ಮೂಲಲೋಹ ಸತುವು ಮತ್ತು ತಾಮ್ರ. ಗುಜರಿ ಸತುವಿನಲ್ಲಿ ಸೀಸ ಬೆರೆತಿರಬಹುದು, ಆದ್ದರಿಂದ ಕೊಳ್ಳುವ ಗಟ್ಟಿಯ ಲ್ಯಾಬ್ ವರದಿಯೊಂದನ್ನು ಮಾಡಿಸಿಟ್ಟುಕೊಂಡು, ಅದರ ಮೇಲೆ ರಕ್ತಪರೀಕ್ಷೆ ಬೇಕೋ ಬೇಡವೋ ನಿರ್ಧರಿಸಲಿ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ತೋರಿಸುವ ಪುಸ್ತಕವನ್ನು ಇದರೊಂದಿಗೆ ಬೆರೆಸಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಫಾರಂ 3ರ ದಿನದ ಲೆಕ್ಕ, ಜೂನ್ 30ರೊಳಗಿನ ಫಾರಂ 4, ಸಾಗಣೆಯ ಫಾರಂ 10 ಸೀಸ ಎಲ್ಲಿಗೆ ಹೋಯಿತು ಎಂದು ಹೇಳುತ್ತವೆ. ಯಾರ ಮೈಗೆ ಹೋಯಿತು ಎಂದು ಹೇಳುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಲೆಕ್ಕವೂ ಹಾಗೆಯೇ. ಮಂಡಳಿಯ ಕಾಗದ ಪೂರ್ತಿ ಇದೆ ಎಂದು ಆರೋಗ್ಯದ ದಾಖಲೆ ಇದೆಯೆಂದು ತಿಳಿದವರು ಬಹಳ.

ಕೆಲಸದಿಂದ ಸರಿಸಿದ್ದಕ್ಕೆ ಪ್ರತ್ಯೇಕ ಪುಟ ಇರಲಿ: ಸರಿಸಿದ ದಿನಾಂಕ, ಆ ದಿನದ ಅಂಕಿ, ಎಲ್ಲಿಗೆ ಹಾಕಿದಿರಿ, ಸಂಬಳ ಕಡಿಮೆಯಾಯಿತೇ, ಮರಳಿದ ದಿನಾಂಕ. ಸಂಬಳ ಕಡಿತವಾಗುತ್ತದೆ ಎಂದು ಗೊತ್ತಾದರೆ ಮುಂದಿನ ಸಲ ರಕ್ತ ಕೊಡುವ ದಿನ ಅರ್ಧ ಜನ ರಜೆ ಹಾಕುತ್ತಾರೆ, ನಿಮ್ಮ ದಾಖಲೆ ಅಲ್ಲಿಗೆ ನಿಲ್ಲುತ್ತದೆ.

ಸುಗ್ಗಿ ಮುಗಿದು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವವರು ಇಲ್ಲಿ ಬಹಳ. ಬಿಟ್ಟು ಹೋಗುವ ದಿನ ಅವನ ಕೈಗೆ ಒಂದೇ ಹಾಳೆ ಕೊಡಿ, ಕನ್ನಡದಲ್ಲಿ: ಖಾಯಂ ನಂಬರ್, ಸೇರಿದ ಮತ್ತು ಬಿಟ್ಟ ತಾರೀಖು, ಯಾವ್ಯಾವ ಕೆಲಸ ಯಾವಾಗಿಂದ ಯಾವಾಗಿನವರೆಗೆ, ಪ್ರತಿ ರಕ್ತಪರೀಕ್ಷೆಯ ತಾರೀಖು ಮತ್ತು ಅಳತೆಯ ಘಟಕ ಸಮೇತ ಅಂಕಿ, ಲ್ಯಾಬಿನ ಹೆಸರು, ಕೊನೆಗೆ ನಿಮ್ಮ ಸಹಿ ಮತ್ತು ಮೊಹರು. ಪಡೆದದ್ದಕ್ಕೆ ಅವನ ಸಹಿಯನ್ನೋ ಹೆಬ್ಬೆಟ್ಟನ್ನೋ ನಿಮ್ಮ ಪ್ರತಿಯ ಮೇಲೆ ತೆಗೆದುಕೊಳ್ಳಿ. ಘಟಕವನ್ನೇ ಮುಚ್ಚುವುದಾದರೆ, ಬೀಗ ಹಾಕುವ ವಾರದ ಮುಂಚೆ ಎಲ್ಲರಿಗೂ ಇದೇ ಹಾಳೆ.